ಬಟ್ಟೆ ಅಂಗಡಿಯಲ್ಲಿ ನನ್ನ ಹಳೆಯ ಮುಖ

ನಾನು ಬಿಟ್ಟುಬಂದ ಮುಖ ಈಗ ಬಟ್ಟೆ ಅಂಗಡಿಗಳಲ್ಲಿ ನಿಂತಿದೆ. ಒಂದು ಕಡೆ ಕೋಟು ತೊಟ್ಟು, ಇನ್ನೊಂದು ಕಡೆ ರೇನ್‌ಕೋಟಿನಲ್ಲಿ, ಸೇತುವೆ ಹತ್ತಿರದ ಅಗ್ಗದ ಅಂಗಡಿಯಲ್ಲಂತೂ ಬರೀ ಬನಿಯನ್-ಚಡ್ಡಿಯಲ್ಲಿ. ಇದನ್ನು ನಗುತ್ತಾ ಹೇಳುವಷ್ಟು ದೂರ ಈಗ ಬಂದಿದ್ದೇನೆ. ಮೊದಲ ಸಲ ಕಂಡಾಗ ಮಾತ್ರ ಕಾಲು ಕಿತ್ತಿಡಲಾಗದೆ ಬೀದಿಯ ನಡುವೆ ನಿಂತುಬಿಟ್ಟಿದ್ದೆ.

ಮೊದಲಿನಿಂದ ಹೇಳುತ್ತೇನೆ. ನಾನು ಗೊಂಬೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಮಕ್ಕಳಾಡುವ ಗೊಂಬೆಯಲ್ಲ, ಅಂಗಡಿಯ ಗಾಜಿನ ಹಿಂದೆ ಬಟ್ಟೆ ತೊಟ್ಟು ನಿಲ್ಲುತ್ತವಲ್ಲ, ಆ ಆಳೆತ್ತರದ ಗೊಂಬೆ. ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಇರುವುದು ಒಂದು ಉದ್ದನೆಯ ಶೆಡ್ಡು. ಅದರ ಒಂದು ತುದಿಯಲ್ಲಿ ಅಚ್ಚು ಮಾಡುವವನು ಕೂರುತ್ತಾನೆ. ಅವನನ್ನು ಎಲ್ಲರೂ ಅಚ್ಚಿನಣ್ಣ ಅಂತಲೇ ಕರೆಯುವುದು, ಅವನ ಹೆಂಡತಿ ಕೂಡ. ಅವನ ಅಚ್ಚಿನಿಂದ ಹೊರಬಂದ ತಲೆ ಎರಡು ಹೋಳಾಗಿರುತ್ತದೆ. ಆ ಹೋಳುಗಳು ಸೇರಿದ ಕಡೆ ಏಳುವ ಗೆರೆಗೆ ಅರ ಹಾಕಿ, ಉಪ್ಪುಕಾಗದ ಹಿಡಿದು, ಗೆರೆ ಇತ್ತೋ ಇಲ್ಲವೋ ಅನ್ನುವ ಹಾಗೆ ಉಜ್ಜುವುದು ನನ್ನ ಕೆಲಸ. ಆಮೇಲೆ ಹುಬ್ಬು, ತುಟಿ ಬರೆಯುವುದು.

ಗಂಡು ತಲೆಗೂ ಹೆಣ್ಣು ತಲೆಗೂ ವ್ಯತ್ಯಾಸ ಎಲ್ಲಿದೆ ಅಂತ ನನ್ನ ಹೆಬ್ಬೆರಳಿಗೆ ಗೊತ್ತು. ಹುಬ್ಬಿನ ಮೇಲಿನ ದಿಂಡಿನಲ್ಲಿ ಮತ್ತು ದವಡೆಯ ಮೂಲೆಯಲ್ಲಿ. ನಾನು ಹೆಣ್ಣಾಗಿ ಬದುಕಲು ಶುರುಮಾಡಿ ವರ್ಷಗಳೇ ಆಗಿದ್ದವು. ಕೂದಲು ಬೆಳೆಸಿದ್ದೆ, ದನಿ ಪಳಗಿಸಿದ್ದೆ, ಮಾತ್ರೆ ನುಂಗುತ್ತಿದ್ದೆ. ಆದರೆ ಹುಟ್ಟಿನಿಂದ ಬಂದ ಗಂಡು ಮುಖದ ಆ ದಿಂಡು ಹಣೆಯ ಮೇಲೆ ಹಾಗೇ ಕೂತಿತ್ತು. ದಿನವಿಡೀ ಬೇರೆಯವರ ಹಣೆ ನಯ ಮಾಡಿ, ಸಂಜೆ ಈ ಹಣೆ ಹೊತ್ತು ಬಸ್ಸು ಹತ್ತುವುದೆಂದರೆ ಮೈ ಉರಿದುಹೋಗುತ್ತಿತ್ತು.

ಮನೆಯಲ್ಲಿ ಇದ್ದವರು ನಾನು ಮತ್ತು ಅಮ್ಮ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ಹೋದವರು. ಅಮ್ಮ ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಾಳೆ. ಬಿಸಿ ಮುಟ್ಟಿ ಮುಟ್ಟಿ ಅವಳ ಬೆರಳು, ಅಂಗೈ ಎಷ್ಟು ದಡ್ಡು ಕಟ್ಟಿವೆಯೆಂದರೆ ಬಿಸಿಯಾವುದು ತಣ್ಣನೆಯದಾವುದು ತಿಳಿಯುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಕೈ ತಿರುಗಿಸಿ ಮಣಿಕಟ್ಟಿನ ಒಳಭಾಗವನ್ನು ಹಣೆಗಿಟ್ಟು ನೋಡುತ್ತಿದ್ದಳು. ಎಲ್ಲ ತಾಯಂದಿರೂ ಹಾಗೇ ನೋಡುತ್ತಾರೆ ಅಂತ ಎಷ್ಟೋ ಕಾಲ ನಂಬಿದ್ದೆ.

ನನ್ನ ವಿಷಯದಲ್ಲಿ ಅಮ್ಮ ಜಗಳವಾಡಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ. ನನ್ನ ಹೊಸ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಮಂಚದ ಮೇಲಿಡುತ್ತಿದ್ದಳು. ಯಾರ ಬಟ್ಟೆ ಇದು ಅಂತ ಒಂದು ದಿನವೂ ಬಾಯಿಬಿಡಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ಮುಖ ನೋಡುತ್ತಿದ್ದಳು, ಮಗ ಯಾರದೋ ಕೂದಲು ಇಟ್ಟುಕೊಂಡು ಕೂತಿದ್ದಾನೆ ಅನ್ನುವ ಹಾಗೆ. ನನಗೆ ಬೇಕಾಗಿದ್ದು ಇಷ್ಟೇ. ಅಮ್ಮ ಒಂದು ಸಲ ನೆಟ್ಟಗೆ ನೋಡಿ, ಇವಳು ನನ್ನವಳು ಅಂದುಕೊಳ್ಳಬೇಕು. ಊರಿನವರೆಲ್ಲ ಆಮೇಲೆ. ಮುಖ ಬದಲಾದರೆ ಅದು ತಾನಾಗಿ ಆಗುತ್ತದೆ ಅಂತ ಗಟ್ಟಿಯಾಗಿ ನಂಬಿದ್ದೆ.

ಮುಖದ ಮೂಳೆಯನ್ನು ಹೆಣ್ಣಿಗೆ ಒಪ್ಪುವಂತೆ ತಿದ್ದುವ ಆಪರೇಷನ್ ಇದೆಯೆಂದು ತಿಳಿದು ಆಸ್ಪತ್ರೆಯಲ್ಲಿ ವಿಚಾರಿಸಿದೆ. ಡಾಕ್ಟರನ್ನು ಕಾಣುವ ಮೊದಲು ಅಚ್ಚಿನಣ್ಣನನ್ನು ಕಾಡಿ ಬೇಡಿ ನನ್ನ ಮುಖದ ಅಚ್ಚು ತೆಗೆಸಿದೆ. ಕಣ್ಣು ಮುಚ್ಚಿ ಬೆಂಚಿನ ಮೇಲೆ ಮಲಗಿದ್ದೆ, ಮುಖದ ತುಂಬ ತಣ್ಣನೆಯ ಲೇಪ. ಉಸಿರಾಡ್ತಿದ್ದೀಯಾ ಇಲ್ವಾ, ಕಾಲಾದ್ರೂ ಅಲ್ಲಾಡಿಸು ಮಾರಾಯ್ತಿ, ಅಂತ ಅವನು ಗೊಣಗುತ್ತಲೇ ಇದ್ದ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ನನ್ನ ಮುಖದ ಒಂದು ಪ್ರತಿ ಮಾಡಿದೆವು. ಅದನ್ನು ಊಟದ ಬಿಡುವಿನಲ್ಲಿ ನಾನೇ ಉಜ್ಜಿದೆ. ಹುಬ್ಬಿನ ದಿಂಡು ಪೂರ್ತಿ ಹೋಯಿತು, ದವಡೆಯ ಮೂಲೆ ಹೋಯಿತು, ಗಲ್ಲ ಚೂಪಾಯಿತು. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಅದನ್ನು ಟವೆಲ್ಲಿನಲ್ಲಿ ಸುತ್ತಿ ಡಾಕ್ಟರ ಮೇಜಿನ ಮೇಲಿಟ್ಟೆ. ಹೀಗೆ ಮಾಡಿಕೊಡಿ ಅಂದೆ. ಡಾಕ್ಟರು ನಡುವಯಸ್ಸಿನ ಹೆಂಗಸು, ನಗುವುದು ಕಡಿಮೆ. ಪ್ಲಾಸ್ಟರನ್ನು ತಿರುಗಿಸಿ ತಿರುಗಿಸಿ ನೋಡಿದರು, ಕೆಲಸ ಅಚ್ಚುಕಟ್ಟಾಗಿದೆ ಅಂತ ಹೊಗಳಿದರು. ಆಮೇಲೆ ನನ್ನ ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದರು.

"ನಿಮ್ಮ ಪ್ಲಾಸ್ಟರ್ ಒಳಗೂ ಗಟ್ಟಿ. ನಿಮ್ಮ ತಲೆ ಹಾಗಿಲ್ಲ," ಅಂದರು.

ಹುಬ್ಬಿನ ದಿಂಡಿನ ಹಿಂದೆ ಗಾಳಿ ತುಂಬಿದ ಒಂದು ಪೊಳ್ಳು ಇದೆಯಂತೆ, ಅದರ ಮುಂದಿನ ಮೂಳೆ ತೆಳ್ಳಗಿನ ಹಲಗೆಯಷ್ಟೇ. ನಾನು ಉಜ್ಜಿದಷ್ಟು ಉಜ್ಜಿದರೆ ತೂತು ಬೀಳುತ್ತದೆ. ಅದಕ್ಕೆ ಅವರು ಕೂದಲಿನೊಳಗೆ ಕಿವಿಯಿಂದ ಕಿವಿಗೆ ಕೊಯ್ದು, ಆ ಹಲಗೆಯನ್ನು ಎತ್ತಿ ತೆಗೆದು, ತಿದ್ದಿ, ಸ್ವಲ್ಪ ಹಿಂದಕ್ಕೆ ಕೂರಿಸಿ, ಸಣ್ಣ ಲೋಹದ ಪಟ್ಟಿಗಳಿಂದ ಬಿಗಿಯುತ್ತಾರೆ. ದವಡೆಯ ಮೂಳೆಯೊಳಗೆ ತುಟಿಗೆ ಹೋಗುವ ನರ ಹರಿಯುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಕೆಳತುಟಿ ಜೋಮು ಹಿಡಿದು ಹಾಗೇ ಉಳಿದುಬಿಡಬಹುದು. ಹಾಗಾಗಿ ದವಡೆ ಸ್ವಲ್ಪ ಮಾತ್ರ. ಗಲ್ಲವನ್ನು ಈ ಸಲ ಮುಟ್ಟುವುದೇ ಇಲ್ಲ, ಎಲ್ಲವನ್ನೂ ಒಂದೇ ಸಲಕ್ಕೆ ಮಾಡುತ್ತಾ ಹೋದರೆ ಅರಿವಳಿಕೆಯಲ್ಲಿ ಮಲಗುವ ಹೊತ್ತು ಹೆಚ್ಚಿ ಅಪಾಯವೂ ಹೆಚ್ಚುತ್ತದೆ. ನಾನು ಇನ್ನೊಂಚೂರು, ಇನ್ನೊಂಚೂರು ಅಂತ ಚೌಕಾಸಿಗಿಳಿದೆ. ಇದು ತರಕಾರಿ ಅಂಗಡಿಯಲ್ಲ ಅಂದರು ಡಾಕ್ಟರು.

"ಕಡಿಮೆ ಮಾಡಿದ್ರೆ ನೀವು ಮತ್ತೆ ನನ್ನ ಹತ್ರ ಬರಬಹುದು. ಜಾಸ್ತಿ ಮಾಡಿದ್ರೆ ಎಲ್ಲಿಗೆ ಹೋಗ್ತೀರಿ?"

ಜೊತೆಗೆ ಬಂದಿದ್ದ ಅಮ್ಮ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮಗು ಎಚ್ಚರ ಆಗುತ್ತಲ್ವಾ?" ಅಪಾಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಂದುಬಿಡಿ ಅಂದರು ಡಾಕ್ಟರು. ಸರಿಯಾಗಿ ತಪಾಸಣೆ ಮಾಡಿ, ಪಳಗಿದ ಕೈಗಳು ಮಾಡಿದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಉಸಿರನ್ನು ಕಾಯಲೆಂದೇ ಬೇರೆ ಡಾಕ್ಟರು ಇರುತ್ತಾರೆ, ರಕ್ತಸ್ರಾವ, ಸೋಂಕು, ಜೋಮು ಇವುಗಳ ಮೇಲೆ ಕಣ್ಣಿಡಬೇಕು ಅಂತ ಒಂದೊಂದಾಗಿ ಬಿಡಿಸಿ ಹೇಳಿದರು. ಅಮ್ಮ ತಲೆಯಾಡಿಸಿದಳು.

ಆಸ್ಪತ್ರೆಗೆ ಸೇರುವ ಮೊದಲು ಶೆಡ್ಡಿಗೆ ಹೋಗಿ ಹೇಳಿಬಂದೆ. ನನ್ನ ಮುಖದ ಅಚ್ಚು ಅಲ್ಲೇ ಹಲಗೆಯ ಮೇಲೆ ಕೂತಿತ್ತು. ಇದನ್ನೇನು ಮಾಡಲಿ ಅಂತ ಅಚ್ಚಿನಣ್ಣ ಕೇಳಿದ. ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಆ ಮುಖದ ಋಣ ತೀರಿತು, ಏನು ಬೇಕಾದರೂ ಮಾಡಿಕೋ ಅಂದುಬಿಟ್ಟೆ.

ಎಚ್ಚರವಾಯಿತು. ಕಣ್ಣು ಬಿಡಲಾಗಲಿಲ್ಲ, ಮುಖ ಅಷ್ಟು ಊದಿಕೊಂಡಿತ್ತು. ಅಮ್ಮನ ದನಿ ಕಿವಿಯ ಹತ್ತಿರ, ಎದ್ದೆಯಾ, ಎದ್ದೆಯಾ ಅಂತ ಕೇಳುತ್ತಲೇ ಇತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ನರ್ಸು ಬೇಗನೆ ಎಬ್ಬಿಸಿ ನಡೆಸಿದಾಗ ಹಿಡಿದುಕೊಂಡಿದ್ದು ಅಮ್ಮನ ತೋಳನ್ನೇ. ಮನೆಗೆ ಬಂದ ಮೇಲೆ ಸೋಸಿದ ಸೂಪನ್ನು ಚಮಚದಲ್ಲಿ ಕುಡಿಸಿದಳು, ದವಡೆಗಾಗಿ ಬಾಯೊಳಗೆ ಹಾಕಿದ್ದ ಹೊಲಿಗೆ ತೊಳೆದಳು, ದಿಂಬಿನ ಮೇಲೆ ದಿಂಬಿಟ್ಟು ತಲೆ ಎತ್ತರಿಸಿದಳು. ಗಾಯವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ನನ್ನನ್ನು ಮಾತ್ರ ನೋಡಲಿಲ್ಲ.

ಊತ ಇಳಿಯುತ್ತಾ ಬಂದಂತೆ ಒಂದು ಮುಖ ನಿಧಾನವಾಗಿ ಮೇಲೆದ್ದಿತು. ನಾನು ಉಜ್ಜಿದ ಪ್ಲಾಸ್ಟರಿನಷ್ಟು ನಾಜೂಕಲ್ಲ, ಗಲ್ಲವಂತೂ ಹಳೆಯದೇ. ಆದರೂ ಅದು ನನ್ನದು ಅಂತ ನೋಡಿದ ಕೂಡಲೇ ಗೊತ್ತಾಯಿತು, ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನನ್ನು ಕೂಗಿದೆ. ಬಂದಳು. ಕೂದಲು ಸರಿಸಿ, ಹೊಲಿಗೆ ಚೆನ್ನಾಗಿ ಕೂತಿದೆ ಅಂದಳು. ಅಡುಗೆಮನೆಗೆ ಹೊರಟುಹೋದಳು. ಆಮೇಲೆ ಎಷ್ಟು ಸಲ ಎದುರಿಗೆ ಹೋಗಿ ನಿಂತರೂ ಅವಳ ಕಣ್ಣು ನನ್ನ ಕಿವಿಯ ಮೇಲೋ, ಹಿಂದಿನ ಗೋಡೆಯ ಮೇಲೋ ಇರುತ್ತಿತ್ತು. ಜ್ವರ ನೋಡಲು ಥರ್ಮಾಮೀಟರ್ ಕೊಡುತ್ತಿದ್ದಳು. ಮಣಿಕಟ್ಟು ಒಂದು ಸಲವೂ ಹಣೆಗೆ ಬರಲಿಲ್ಲ.

ಬಂದಿದ್ದರೂ ತಿಳಿಯುತ್ತಿರಲಿಲ್ಲವೇನೋ. ಹಣೆ ಮರದ ಹಲಗೆಯಂತಾಗಿತ್ತು, ಚಿವುಟಿದರೂ ಸುದ್ದಿಯಿಲ್ಲ. ಕೆರೆತ ಮಾತ್ರ ಎಲ್ಲಿಂದಲೋ ಬರುತ್ತಿತ್ತು, ಕೆರೆದ ಕಡೆ ಸಿಗುತ್ತಿರಲಿಲ್ಲ. ನೆತ್ತಿ ಬಾಚಿಕೊಂಡರೆ ಹುಬ್ಬಿನ ಹತ್ತಿರ ಏನೋ ಹರಿದಾಡುತ್ತಿತ್ತು. ನನ್ನೊಳಗೆ ಬೇರೆ ಯಾರೋ ಇದ್ದು ಅವರ ತಲೆ ಬಾಚುತ್ತಿದ್ದೇನೆ ಅನ್ನಿಸಿ ಬಾಚಣಿಗೆ ಬಿಸಾಡಿದ್ದೂ ಉಂಟು. ಡಾಕ್ಟರು ಹೆದರಬೇಡಿ ಅಂದರು. ನರಗಳು ಮತ್ತೆ ಚಿಗುರುತ್ತಿವೆ, ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಹಾಗೆ ಸ್ವಲ್ಪ ಕಾಲ ಒಬ್ಬರ ಕಾಗದವನ್ನು ಇನ್ನೊಬ್ಬರ ಮನೆಗೆ ಹಾಕುತ್ತವೆ, ನಿಧಾನವಾಗಿ ದಾರಿ ಕಲಿಯುತ್ತವೆ. ಪೂರ್ತಿ ಕಲಿಯುತ್ತವೆಯೇ ಅಂತ ಕೇಳಿದೆ. ಬಹಳ ಜನರಿಗೆ ಬಹುಪಾಲು ಬರುತ್ತದೆ, ಅಲ್ಲಲ್ಲಿ ಸ್ವಲ್ಪ ಜೋಮು ಉಳಿದರೂ ಉಳಿಯಬಹುದು ಅಂದರು.

ಅವತ್ತು ಆಸ್ಪತ್ರೆಯಿಂದ ಒಬ್ಬಳೇ ನಡೆದು ಬರುವಾಗ ಬಟ್ಟೆ ಅಂಗಡಿಗಳ ಬೀದಿಯಲ್ಲಿ ಯಾರೋ ನನ್ನನ್ನು ಬಲ್ಲವರು ನಿಂತ ಹಾಗಾಯಿತು. ತಿರುಗಿದೆ. ಗಾಜಿನ ಹಿಂದೆ ಬೂದು ಕೋಟು ತೊಟ್ಟು ನಾನೇ ನಿಂತಿದ್ದೆ.

ಹೋಲಿಕೆಯಲ್ಲ. ಚಿಕ್ಕಂದಿನಲ್ಲಿ ಬಿದ್ದು ಎಡಹುಬ್ಬಿನಲ್ಲಾದ ಸೀಳು ಕೂಡ ಇತ್ತು. ಆ ದಿಂಡು, ಆ ದವಡೆ, ಎಲ್ಲವೂ ನುಣ್ಣಗೆ, ಹೊಳೆಯುತ್ತಾ, ಇನ್ನೆಂದೂ ಹೋಗೆನೆಂಬಂತೆ ಇದ್ದವು. ಕಣ್ಣು ಮಾತ್ರ ನನ್ನದಲ್ಲ. ಅಚ್ಚು ತೆಗೆದಾಗ ನಾನು ಕಣ್ಣು ಮುಚ್ಚಿದ್ದೆನಲ್ಲ, ಆಮೇಲೆ ಅಚ್ಚಿನಣ್ಣ ಅದನ್ನು ಕೊರೆದು ತೆರೆದಿದ್ದ. ಗಿರಾಕಿಯ ಕಣ್ಣಿಗೆ ಕಣ್ಣಿಟ್ಟು ನೋಡುವ ಗೊಂಬೆಯ ಅಂಗಡಿಗೆ ಜನ ನುಗ್ಗುವುದಿಲ್ಲ ಅನ್ನುವುದು ನಮ್ಮ ಕಸುಬಿನ ನಂಬಿಕೆ. ಅದಕ್ಕೆ ಗೊಂಬೆಗಳ ನೋಟವನ್ನು ದಾರಿಹೋಕರ ತಲೆಯ ಮೇಲಕ್ಕೆ ಕೂರಿಸುತ್ತೇವೆ. ನನ್ನ ಹಳೆಯ ಮುಖವೂ ನನ್ನ ತಲೆಯ ಮೇಲಿಂದ ಬೀದಿಯ ಆ ತುದಿಯನ್ನು ನೋಡುತ್ತಿತ್ತು.

ಆಮೇಲೆ ಅದು ಎಲ್ಲೆಲ್ಲೂ ಸಿಗತೊಡಗಿತು. ಬಸ್ಸಿನ ಕಿಟಕಿಯಿಂದ ನೋಡಿದರೆ ಗಾಜಿನಲ್ಲಿ ನನ್ನ ಹೊಸ ಮುಖದ ನೆರಳು ಸರಿಯುತ್ತಾ ಹೋಗಿ ಅಂಗಡಿಯಲ್ಲಿನ ಆ ಹಳೆಯ ಮುಖದ ಮೇಲೆ ಕೂತು ಮುಂದೆ ಜಾರುತ್ತಿತ್ತು. ತಪ್ಪಿಸಿಕೊಳ್ಳಲು ಸಂದಿಯಲ್ಲಿ ನುಗ್ಗಿದರೆ ಅಲ್ಲಿ ತಳ್ಳುಗಾಡಿಯ ಮೇಲೆ ಬೆತ್ತಲೆ ಮೈ ಒಂದು ಕಡೆ, ಕಾಲು ಇನ್ನೊಂದು ಕಡೆ, ಆಕಾಶ ನೋಡುತ್ತಾ ಮಲಗಿ ಸಾಗುತ್ತಿತ್ತು. ಬಿಸಿಲು ಅದರ ಹಣೆಗೆ ಬೀಳುತ್ತಿತ್ತು. ನನ್ನ ಹಣೆಗೂ ಬೀಳುತ್ತಿತ್ತು, ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಹಾಗಾದರೆ ಗೊಂಬೆ ಯಾವುದು ಅಂತ ಯೋಚನೆ ಹತ್ತಿಕೊಂಡಿತು, ಬಿಡಿಸಿಕೊಳ್ಳಲಾಗಲಿಲ್ಲ.

ಶೆಡ್ಡಿಗೆ ಹೋಗಿ ಅಚ್ಚಿನಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಪಾಪ, ಕಕ್ಕಾಬಿಕ್ಕಿಯಾದ. ಗಂಡು ತಲೆಯ ಅಚ್ಚು ಬಿರುಕು ಬಿಟ್ಟಿತ್ತಂತೆ, ಹೊಸ ಬಟ್ಟೆ ಬರುವ ಕಾಲ, ಅಂಗಡಿಯವರು ಕುತ್ತಿಗೆಯ ಮೇಲೆ ಕೂತಿದ್ದರಂತೆ. ಋಣ ತೀರಿತು ಅಂದವಳು ನೀನೇ ಅಲ್ವಾ, ಅಂತ ಕೇಳಿದ. ಅಷ್ಟು ಒಳ್ಳೆಯ ಮುಖ ದಂಡವಾಗಬಾರದು ಅನ್ನಿಸಿತಂತೆ. ನನ್ನನ್ನು ನೋಡಿ ಅವನಿಗೆ ಅಳು ಬರುವಂತಾಗಿತ್ತು. ಸುತ್ತಿಗೆ ತಂದು ನನ್ನ ಕೈಗೇ ಕೊಟ್ಟ.

ಅಚ್ಚಿನೊಳಗಿನ ತಗ್ಗು ಮುಖಕ್ಕೆ ಒಂದು ಕೆಟ್ಟ ಗುಣವಿದೆ. ನೀವು ಯಾವ ಕಡೆ ಸರಿದರೂ ಅದು ನಿಮ್ಮ ಕಡೆಗೇ ತಿರುಗಿದಂತೆ ಕಾಣುತ್ತದೆ. ಸುತ್ತಿಗೆ ಎತ್ತಿದೆ, ಆಗಲಿಲ್ಲ. ಕೊನೆಗೆ ಅವನೇ ಗೋಣಿಚೀಲ ಮುಚ್ಚಿ ಒಡೆದ. ಆಮೇಲೆ ತುಂಡುಗಳನ್ನು ಗುಡಿಸುತ್ತಾ, ಹೇಳಲೋ ಬೇಡವೋ ಅನ್ನುವಂತೆ ಅಂದ, "ಅಂಗಡೀಲಿ ಗೊಂಬೆ ಕಂಡು ನಿಮ್ಮಮ್ಮನೂ ಬಂದಿದ್ರು. ಒಡೀರಿ ಅನ್ಲಿಲ್ಲ, ಒಡೀಬೇಡಿ ಅಂತಾನೂ ಅನ್ಲಿಲ್ಲ. ಗೊಂಬೆಗಳನ್ನ ಯಾವ್ಯಾವ ಅಂಗಡಿಗೆ ಕಳಿಸಿದ್ದೀರ ಅಂತ ಕೇಳಿದ್ರು ಅಷ್ಟೇ."

ಈಚೆಗೆ ಅಮ್ಮ ಲಾಂಡ್ರಿಯಿಂದ ತಡವಾಗಿ ಬರುತ್ತಿದ್ದಳು. ಕೆಲಸ ಜಾಸ್ತಿ ಅನ್ನುತ್ತಿದ್ದಳು. ನಾನು ನಂಬಿದ್ದೆ.

ಮಾರನೆಯ ಮಧ್ಯಾಹ್ನ ಲಾಂಡ್ರಿಯ ಬಾಗಿಲಿನ ಎದುರು ಕಾದಿದ್ದು ಅವಳ ಹಿಂದೆಯೇ ಹೋದೆ. ಮನೆಯ ದಾರಿ ಬಿಟ್ಟು ಬಟ್ಟೆ ಅಂಗಡಿಗಳ ಬೀದಿಗೆ ತಿರುಗಿದಳು. ಬೂದು ಕೋಟಿನ ಗೊಂಬೆಯ ಮುಂದೆ ಕೈಚೀಲವನ್ನು ಕೆಳಗಿಟ್ಟು ನಿಂತಳು, ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಬಂದವರ ಹಾಗೆ. ಜನ ಅವಳನ್ನು ಸವರಿಕೊಂಡು ಹೋಗುತ್ತಿದ್ದರು. ನನ್ನ ಮುಖವನ್ನು ಒಂದು ನಿಮಿಷ ನೋಡದವಳು ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ಕ್ಷಣ ನಾನು ಆ ಗೊಂಬೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಷ್ಟು ಬದುಕಿರುವ ಯಾರ ಮೇಲೂ ಪಟ್ಟಿಲ್ಲ.

ಬೀದಿ ದಾಟಿ ಅವಳ ಪಕ್ಕ ನಿಂತೆ. "ಅವನನ್ನ ನೋಡಕ್ಕೆ ಬರ್ತೀಯಾ?" ಅಂತ ಕೇಳಿದೆ. ದನಿಯಲ್ಲಿ ವಿಷವಿತ್ತು.

ಅಮ್ಮ ಬೆಚ್ಚಿಬೀಳಲಿಲ್ಲ. "ಹೂಂ," ಅಂದಳು. "ಸತ್ತಿಲ್ಲ, ದೂರ ಹೋಗಿಲ್ಲ. ಅತ್ರೆ ಏನಂತ ಅಳ್ಲಿ? ಯಾರ ಹತ್ರ ಹೇಳ್ಕೊಳ್ಲಿ? ಇಲ್ಲಾದ್ರೂ ನಿಂತ್ಕೊಳ್ಳಕ್ಕೆ ಒಂದು ಜಾಗ ಇತ್ತು."

ನಾನು ಬಗ್ಗಿ ಕೆಳಗಿದ್ದ ಅವಳ ಕೈಚೀಲ ಎತ್ತಿಕೊಂಡೆ.

"ಮನೇಲಿ ನೀನು ನೋಡಮ್ಮ, ನೋಡಮ್ಮ ಅಂತ ಹಿಂದೆ ಹಿಂದೆ ಬರ್ತಿದ್ದೆ. ನಂಗೆ ಭಯ. ನೋಡಿದ್ರೆ ನಿನ್ನ ಮುಖದಲ್ಲಿ ಇವನನ್ನ ಹುಡುಕ್ತೀನಿ, ಅದು ನಿಂಗೆ ಗೊತ್ತಾಗಿಬಿಡುತ್ತೆ. ಅಷ್ಟು ಕಷ್ಟಪಟ್ಟು ಎದ್ದು ಬಂದಿದ್ದೀಯ. ಹುಡುಕೋದನ್ನೆಲ್ಲ ಇಲ್ಲೇ ಮುಗಿಸಿ ಬರೋಣ ಅಂತ ಬರ್ತಿದ್ದೆ."

"ಮುಗೀತಾ?"

ಅಮ್ಮ ಗೊಂಬೆಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಎಷ್ಟು ಹೊತ್ತು ನಿಂತ್ರೂ ಇದು ನನ್ನ ಕಡೆ ತಿರುಗಲ್ಲ. ತಲೆ ಮೇಲಿಂದ ಎಲ್ಲೋ ನೋಡುತ್ತೆ. ನೀನು ಹುಟ್ಟಿದಾಗಿಂದ ಒಂದು ದಿನಾನೂ ನನ್ನನ್ನ ಹಿಂಗೆ ನೋಡಿದವಳಲ್ಲ."

ಆಮೇಲೆ ಅವಳು ತಿರುಗಿದಳು. ಹಾಡಹಗಲಲ್ಲಿ, ಜನ ತುಂಬಿದ ಬೀದಿಯಲ್ಲಿ, ನನ್ನನ್ನು ನೋಡಿದಳು. ಕೂದಲಿನ ಅಂಚಿನಿಂದ ಶುರುಮಾಡಿ ಹುಬ್ಬು, ಕೆನ್ನೆ, ದವಡೆ, ಬೆಡ್‌ಶೀಟಿನ ಒಂದೊಂದು ಮಡಿಕೆಯನ್ನೂ ನೋಡುವವಳ ಹಾಗೆ ನಿಧಾನವಾಗಿ ನೋಡಿದಳು. ಗಲ್ಲದ ಹತ್ತಿರ ಅವಳ ಕಣ್ಣು ನಿಂತಾಗ ನಾಚಿಕೆಯಾಯಿತು, ಅದನ್ನು ಮುಂದಿನ ಸಲ ಸರಿ ಮಾಡುತ್ತಾರೆ ಅಂತ ತೊದಲಿದೆ.

"ಬೇಕಿದ್ರೆ ಮಾಡಿಸ್ಕೋ. ಆದ್ರೆ ಆ ಆಪರೇಷನ್ ಕೋಣೆ ಬಾಗಿಲ ಹೊರಗೆ ಕೂರೋಳು ನಾನು. ನಿಂಗೆ ನಿದ್ದೆ, ಎಚ್ಚರ ಎರಡೇ. ಮಧ್ಯ ಕಾಯೋದು ನಂದು," ಅಂದಳು. ಆಮೇಲೆ, "ಮುಖ ಕೆಂಪಗಿದೆ. ಬಿಸಿಲಲ್ಲಿ ಎಷ್ಟು ಹೊತ್ತಿಂದ ನಿಂತಿದ್ದೆ?" ಅಂತ ಕೇಳಿದಳು.

ನಾನು ಅಳು ತಡೆಯಲು ಗಾಜಿನ ಕಡೆ ಮುಖ ತಿರುಗಿಸಿದೆ. ಆಗಲೇ ಕಂಡಿದ್ದು. ಗಾಜಿನಲ್ಲಿ ಅಮ್ಮನ ಕೈ ನನ್ನ ಹಣೆಯ ಮೇಲಿತ್ತು. ಮಣಿಕಟ್ಟನ್ನು ತಿರುಗಿಸಿ, ಒಳಭಾಗವನ್ನು ಒತ್ತಿ ಹಿಡಿದಿದ್ದಳು. ಎಷ್ಟು ಹೊತ್ತಿನಿಂದ ಇತ್ತೋ ಗೊತ್ತಿಲ್ಲ. ನೋಡದೇ ಇದ್ದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಅಷ್ಟು ದಿನ ಬಾಯಿಬಿಟ್ಟು ಕೇಳದೆ ಕಾದಿದ್ದು ಬಂದು ಹಣೆಯ ಮೇಲೆ ಕೂತಿತ್ತು, ಹಣೆಯಲ್ಲಿ ಏನೂ ಇರಲಿಲ್ಲ.

"ಜ್ವರ ಇಲ್ಲ," ಅಂದಳು ಅಮ್ಮ, ಕೈ ತೆಗೆಯಹೋದಳು.

"ಇನ್ನೂ ಸ್ವಲ್ಪ ಹೊತ್ತು ಇಟ್ಟಿರು," ಅಂದೆ.

ಕೈ ಅಲ್ಲೇ ಇತ್ತು. ನಾನು ಕಣ್ಣು ಮುಚ್ಚಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೆತ್ತಿಯ ಮೇಲೆ, ಯಾರೂ ಮುಟ್ಟದ ಜಾಗದಲ್ಲಿ, ಏನೋ ಬೆಚ್ಚಗೆ ಹರಡಿತು. ಡಾಕ್ಟರು ಹೇಳಿದ ಪೋಸ್ಟ್‌ಮ್ಯಾನ್ ನೆನಪಾದ. ಅಲ್ಲಾಡಿದರೆ ಎಲ್ಲಿ ಹೋಗಿಬಿಡುತ್ತದೋ ಅಂತ ಹಾಗೇ ನಿಂತೆ. ಕಣ್ಣು ಬಿಟ್ಟಾಗ ಬೂದು ಕೋಟಿನವನು ನಮ್ಮಿಬ್ಬರ ತಲೆಯ ಮೇಲಿಂದ ಬೀದಿಯ ಆ ತುದಿಯನ್ನು ನೋಡುತ್ತಲೇ ಇದ್ದ.